ಹೊರರಾಜ್ಯಕ್ಕೆ ಮನೆ ಬದಲಾವಣೆ: ಗಂಟುಮೂಟೆಗೆ ಮುನ್ನ ಲೆಕ್ಕಪತ್ರ

ವರ್ಗಾವಣೆ ಆದೇಶವೋ ಹೊಸ ಉದ್ಯೋಗದ ಪತ್ರವೋ ಕೈಸೇರಿದ ದಿನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಲಾರಿಗೆ ಎಷ್ಟಾಗಬಹುದು? ಪ್ರಶ್ನೆ ಸಹಜವಾದದ್ದೇ. ಆದರೆ ರಾಜ್ಯದ ಗಡಿ ದಾಟಿ ಸಂಸಾರ ಸಾಗಿಸುವಾಗ ಲಾರಿಯ ಬಾಡಿಗೆ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು ಮಾತ್ರ. ಹೊಸ ಮನೆಯ ಠೇವಣಿ, ಎರಡೂ ಊರಿನಲ್ಲಿ ಏಕಕಾಲಕ್ಕೆ ತೆರಬೇಕಾದ ಬಾಡಿಗೆ, ಶಾಲೆಯ ಪ್ರವೇಶ ಶುಲ್ಕ, ವಾಹನದ ಮರುನೋಂದಣಿ ಇವೆಲ್ಲ ಸೇರಿದಾಗ ಮೊತ್ತ ಹಲವು ಪಟ್ಟು ಬೆಳೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಹಣ ಹೊರಡುವ ಮೊದಲೇ ಕೈಯಲ್ಲಿರಬೇಕು. ಮರಳಿ ಬರಬೇಕಾದ ಹಣವಾದರೋ ಹೊರಟ ಮೇಲೆ, ನಿಧಾನವಾಗಿ ಬರುತ್ತದೆ.

ಈ ನಡುವಿನ ಅಂತರವನ್ನು ಮೊದಲೇ ಅಳೆಯದ ಕುಟುಂಬಗಳು ಹೆಚ್ಚಿನ ಬಡ್ಡಿಯ ವೈಯಕ್ತಿಕ ಸಾಲಕ್ಕೆ ಮೊರೆಹೋಗುತ್ತವೆ. ಇನ್ನು ಕೆಲವು ನಷ್ಟಗಳನ್ನು ಹಣದಿಂದ ತುಂಬಲಾಗದು. ಮಗುವಿನ ವೃತ್ತಿಶಿಕ್ಷಣದ ಅರ್ಹತೆ ಅಂಥವುಗಳಲ್ಲೊಂದು. ಬೆಂಗಳೂರಿನಿಂದ ಪುಣೆಗೆ ಹೊರಟ ಕುಟುಂಬವೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಲೆಕ್ಕವನ್ನು ಹಂತಹಂತವಾಗಿ ನೋಡಬಹುದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರಗಳನ್ನು ಹಾದು ಸಾಗುವ ಸುಮಾರು 840 ಕಿಲೋಮೀಟರ್ ದಾರಿ ಇದು. ಹೈದರಾಬಾದಿಗೋ ದೆಹಲಿಗೋ ಹೊರಟವರಿಗೆ ದೂರ ಬದಲಾಗುತ್ತದೆ. ಲೆಕ್ಕದ ಕ್ರಮ ಬಹುಮಟ್ಟಿಗೆ ಇದೇ.

ಕೈಯಲ್ಲಿ ಎಷ್ಟಿರಬೇಕು?

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಹಳೆಯದು. ಇತ್ತೀಚೆಗೆ ಹಲವೆಡೆ ಅದು ಕಡಿಮೆಯಾಗಿದೆಯಾದರೂ ಪೂರ್ತಿಯಾಗಿ ಹೋಗಿಲ್ಲ. ಪುಣೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಾಡಿಗೆ ಕೇಳುತ್ತಾರೆ. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿದೆ. ಆದರೆ ಅದು ಮಾದರಿಯಷ್ಟೇ. ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಜಾರಿಗೆ ಬರುತ್ತದೆ.

ಹೀಗಾಗಿ ಬೆಂಗಳೂರಿನಿಂದ ಹೊರಡುವವರಿಗೆ ಕೊನೆಯಲ್ಲಿ ಹಣ ಉಳಿಯಬಹುದು. ತೊಂದರೆ ಇರುವುದು ಆ 'ಕೊನೆಯಲ್ಲಿ' ಎಂಬ ಮಾತಿನಲ್ಲಿ. ನಾಲ್ವರ ಕುಟುಂಬವೊಂದು ಎರಡೂ ಊರಿನಲ್ಲಿ ತಿಂಗಳಿಗೆ 30,000 ರೂ. ಬಾಡಿಗೆಯ ಮನೆ ಹಿಡಿಯುತ್ತದೆ ಎಂದು ಭಾವಿಸಿದರೆ, ಲೆಕ್ಕ ಹೀಗಾಗುತ್ತದೆ. (ಇಲ್ಲಿನ ಅಂಕಿಗಳು ವಿವರಣೆಗಾಗಿ ಮಾತ್ರ, ಓದುಗರು ತಮ್ಮ ಅಂಕಿಗಳನ್ನು ತುಂಬಿಕೊಳ್ಳಬೇಕು.)

- ಪುಣೆ ಮನೆಯ ಠೇವಣಿ, ಮೂರು ತಿಂಗಳಿನದು: 90,000 ರೂ.
- ಮೊದಲ ತಿಂಗಳ ಬಾಡಿಗೆ: 30,000 ರೂ.
- ದಲ್ಲಾಳಿ ಶುಲ್ಕ, ಒಂದು ತಿಂಗಳ ಬಾಡಿಗೆಯಷ್ಟು: 30,000 ರೂ.
- ಬಾಡಿಗೆ ಕರಾರಿನ ನೋಂದಣಿ: 2,000 ರೂ.
- ಬೆಂಗಳೂರಿನ ಮನೆಗೆ ಹೆಚ್ಚುವರಿಯಾಗಿ ತೆರುವ ಅರ್ಧ ತಿಂಗಳ ಬಾಡಿಗೆ: 15,000 ರೂ.
- ಪ್ಯಾಕಿಂಗ್ ಮತ್ತು ಸಾಗಣೆ, ಜಿಎಸ್‌ಟಿ ಸೇರಿ: 59,000 ರೂ.
- ಸರಕಿನ ವಿಮೆ: 12,000 ರೂ.
- ಕುಟುಂಬದ ಪ್ರಯಾಣ, ಊಟ, ಎರಡು ದಿನದ ವಸತಿ: 10,000 ರೂ.
- ಮಗುವಿನ ಶಾಲಾ ಪ್ರವೇಶ, ಸಮವಸ್ತ್ರ, ಪುಸ್ತಕ: 60,000 ರೂ.

ಒಟ್ಟು 3,08,000 ರೂ. ಇದರಲ್ಲಿ ಸಾಗಣೆಯ ಪಾಲು ಐದರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಕೊನೆಗಳಿಗೆಯ ಖರ್ಚಿಗೆಂದು ಶೇ. 10ರಷ್ಟು ಸೇರಿಸಿದರೆ ಸುಮಾರು 3.4 ಲಕ್ಷ ರೂ. ಹೊರಡುವ ಮುನ್ನ ಸಿದ್ಧವಿರಬೇಕು. ಬೆಂಗಳೂರಿನ ಮಾಲೀಕರ ಬಳಿ 3 ಲಕ್ಷ ರೂ. ಮುಂಗಡವಿದ್ದು, ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಕಳೆದರೆ 2.7 ಲಕ್ಷ ರೂ. ವಾಪಸು ಬರುತ್ತದೆ. ಆದರೆ ಅದು ಬೀಗದ ಕೈ ಒಪ್ಪಿಸಿದ ಮೇಲಿನ ಮಾತು. ಹೊಸ ಬಾಡಿಗೆದಾರರು ಸಿಕ್ಕ ಮೇಲೆ ಕೊಡುವುದಾಗಿ ಹೇಳುವ ಮಾಲೀಕರೂ ಉಂಟು. ಊರು ಬಿಟ್ಟು ಹೋದವರು ಆ ಹಣಕ್ಕಾಗಿ ಮತ್ತೆ ಮತ್ತೆ ಬರುವುದು ಕಷ್ಟ.

ಆದ್ದರಿಂದ ಮನೆ ಬಿಡುವ ನೋಟಿಸನ್ನು ಬರಹದಲ್ಲಿಯೇ ಕೊಟ್ಟು, ಮುಂಗಡ ಮರಳಿಸುವ ದಿನಾಂಕವನ್ನೂ ಕಡಿತದ ಮೊತ್ತವನ್ನೂ ಅದರಲ್ಲಿಯೇ ನಮೂದಿಸಿ ಮಾಲೀಕರ ಒಪ್ಪಿಗೆ ಪಡೆಯುವುದು ಒಳಿತು. ಖಾಲಿ ಮನೆಯ ಗೋಡೆ, ನಲ್ಲಿ, ಸ್ವಿಚ್ಚುಗಳ ಛಾಯಾಚಿತ್ರಗಳನ್ನು ಬೀಗದ ಕೈ ಒಪ್ಪಿಸುವ ದಿನವೇ ತೆಗೆದಿಟ್ಟುಕೊಂಡರೆ ಮುಂದಿನ ತಕರಾರಿಗೆ ಉತ್ತರವಾಗುತ್ತದೆ.

ಕಂಪನಿಯೇ ಖರ್ಚು ಭರಿಸುತ್ತದೆ ಎಂದು ನಿಶ್ಚಿಂತರಾಗಿರುವವರೂ ಒಂದು ಮಾತು ಕೇಳಿಕೊಳ್ಳಬೇಕು. ಬಹುತೇಕ ಸಂಸ್ಥೆಗಳು ಬಿಲ್ಲು ಸಲ್ಲಿಸಿದ ಮೇಲೆ ಹಣ ಕೊಡುತ್ತವೆ. ಮೊದಲು ಕೈಯಿಂದಲೇ ಹಾಕಬೇಕು. ಠೇವಣಿ, ದಲ್ಲಾಳಿ ಶುಲ್ಕ, ಶಾಲಾ ಶುಲ್ಕಗಳನ್ನು ಹಲವು ಸಂಸ್ಥೆಗಳು ಭರಿಸುವುದೇ ಇಲ್ಲ. ಅದೇ ಸಂಸ್ಥೆಯೊಳಗಿನ ವರ್ಗಾವಣೆಗಾಗಿ ಕೊಡುವ ಪ್ರಯಾಣ ಮತ್ತು ಸಾಗಣೆ ಭತ್ಯೆಗೆ, ವಾಸ್ತವವಾಗಿ ಖರ್ಚಾದ ಮಟ್ಟಿಗೆ, ಆದಾಯ ತೆರಿಗೆಯ ವಿನಾಯಿತಿ ಇದೆ. ಹಾಗಾಗಿ ಸಣ್ಣ ರಸೀತಿಯನ್ನೂ ಎಸೆಯುವಂತಿಲ್ಲ. ಹಳೆಯ ಉದ್ಯೋಗ ಬಿಟ್ಟು ಹೊಸದಕ್ಕೆ ಸೇರುವವರು ಹಳೆಯ ಸಂಸ್ಥೆಯ ಅಂತಿಮ ಲೆಕ್ಕ ಚುಕ್ತಾ ಆಗುವುದಕ್ಕೂ ಹೊಸ ಸಂಬಳ ಬರುವುದಕ್ಕೂ ನಡುವೆ ಕನಿಷ್ಠ ಎರಡು ತಿಂಗಳ ಮನೆಖರ್ಚನ್ನು ಬೇರೆಯಾಗಿ ತೆಗೆದಿಡಬೇಕು.

ಕರಾರಿನ ರೀತಿ ಬೇರೆ

ಕರ್ನಾಟಕದಲ್ಲಿ 11 ತಿಂಗಳ ಬಾಡಿಗೆ ಕರಾರನ್ನು ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿದರೆ ಮುಗಿಯಿತು ಎಂಬ ಅಭ್ಯಾಸವಿದೆ. ಒಂದು ವರ್ಷಕ್ಕೆ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವೆಂಬ 1908ರ ನೋಂದಣಿ ಕಾಯ್ದೆಯ ನಿಯಮವೇ ಈ 11 ತಿಂಗಳ ಮೂಲ. ಮಹಾರಾಷ್ಟ್ರದಲ್ಲಿ ಈ ಅಭ್ಯಾಸ ನಡೆಯದು. ಅಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ 11 ತಿಂಗಳ ಕರಾರನ್ನೂ ಬರಹದಲ್ಲಿ ಮಾಡಿ ನೋಂದಾಯಿಸಲೇಬೇಕು. ಆ ಹೊಣೆ ಮಾಲೀಕರದು. ಮುದ್ರಾಂಕ ಶುಲ್ಕ ಒಟ್ಟು ಬಾಡಿಗೆಯ ಶೇ. 0.25ರ ಆಸುಪಾಸಿನಲ್ಲಿದ್ದು ಹೊರೆಯೇನಲ್ಲ. ನೋಂದಣಿಯನ್ನು ಆನ್‌ಲೈನ್ ಮೂಲಕವೂ ಮಾಡಬಹುದು. ಖರ್ಚು ಯಾರದು ಎಂಬುದನ್ನು ಮಾತ್ರ ಮೊದಲೇ ಮಾತನಾಡಿಕೊಳ್ಳಬೇಕು.

ನೋಂದಾಯಿತ ಕರಾರು ಕೈಯಲ್ಲಿದ್ದರೆ ಹೊಸ ಊರಿನ ಮಿಕ್ಕ ಕೆಲಸಗಳು ಸುಲಭವಾಗುತ್ತವೆ. ಅಡುಗೆ ಅನಿಲ, ಶಾಲೆ, ವಾಹನ, ಆಧಾರ್ ವಿಳಾಸ ಇವೆಲ್ಲಕ್ಕೂ ವಿಳಾಸದ ಪುರಾವೆಯಾಗಿ ಕೇಳುವುದು ಇದನ್ನೇ. ವಸತಿ ಸಮುಚ್ಚಯಗಳು ಲಾರಿ ಬರುವ ದಿನವನ್ನು ಮೊದಲೇ ತಿಳಿಸುವಂತೆ ಕೇಳುತ್ತವೆ. ಲಿಫ್ಟ್ ಬಳಕೆಗೆ ಸಮಯದ ನಿರ್ಬಂಧವನ್ನೂ ಶುಲ್ಕವನ್ನೂ ವಿಧಿಸುತ್ತವೆ. ಇದನ್ನು ತಿಳಿದುಕೊಳ್ಳದೆ ರಾತ್ರಿ ಹತ್ತಕ್ಕೆ ಲಾರಿ ಬಂದು ನಿಂತರೆ, ಬೆಳಗಿನವರೆಗಿನ ಕಾಯುವಿಕೆಗೂ ಹಣ ತೆರಬೇಕಾಗುತ್ತದೆ.

ಏನು ಒಯ್ಯುವುದು, ಏನು ಬಿಡುವುದು

ಸಾಗಣೆ ದರವನ್ನು ನಿರ್ಧರಿಸುವುದು ಮುಖ್ಯವಾಗಿ ಸಾಮಾನು ಆಕ್ರಮಿಸುವ ಜಾಗ. ಹಾಗಾಗಿ ಖರ್ಚು ಇಳಿಸುವ ದಾರಿ ಚೌಕಾಸಿಗಿಂತ ಮೊದಲು ಸಾಮಾನಿನ ಪಟ್ಟಿಯಲ್ಲಿದೆ. ಪ್ಲೈವುಡ್ಡಿನ ಮಂಚ, ಬೀರುಗಳು ಒಮ್ಮೆ ಬಿಚ್ಚಿ ಜೋಡಿಸಿದರೆ ಮೊದಲಿನ ಗಟ್ಟಿತನ ಉಳಿಸಿಕೊಳ್ಳುವುದು ಅಪರೂಪ. ಹಳೆಯ ಸೋಫಾ ಹೆಚ್ಚು ಜಾಗ ತಿನ್ನುತ್ತದೆ, ಬೆಲೆ ಕಡಿಮೆ. ಸಾಗದ ಮರದ ಮಂಚ, ಸುಸ್ಥಿತಿಯ ಫ್ರಿಜ್, ಬಟ್ಟೆ ಒಗೆಯುವ ಯಂತ್ರಗಳನ್ನು ಒಯ್ಯುವುದರಲ್ಲಿ ಅರ್ಥವಿದೆ. ಪ್ರತಿ ದೊಡ್ಡ ವಸ್ತುವಿಗೂ ಎರಡು ಬೆಲೆ ಬರೆಯುವುದು ಸರಳ ಉಪಾಯ: ಇಲ್ಲಿ ಮಾರಿದರೆ ಬರುವುದೆಷ್ಟು, ಅಲ್ಲಿ ಅಂಥದನ್ನೇ ಕೊಂಡರೆ ತಗಲುವುದೆಷ್ಟು. ಇವೆರಡರ ವ್ಯತ್ಯಾಸ ಆ ವಸ್ತುವಿನ ಸಾಗಣೆ ಖರ್ಚಿಗಿಂತ ಕಡಿಮೆಯಾದರೆ ಬಿಟ್ಟುಹೋಗುವುದೇ ಲಾಭ.

ಅಜ್ಜಿಯ ಈಳಿಗೆಮಣೆ, ದೇವರ ಮಂಟಪ, ಮನೆಮಂದಿಗೆ ಒಗ್ಗಿದ ರುಬ್ಬುವ ಯಂತ್ರಗಳಿಗೆ ಈ ಸೂತ್ರ ಅನ್ವಯಿಸದು. ಅವುಗಳಿಗೆ ಜಾಗವಿರಲೆಂದೇ ಉಳಿದವನ್ನು ಕಡಿಮೆ ಮಾಡಿಕೊಳ್ಳಬೇಕು.

ಒಡವೆ, ನಗದು, ಮೂಲ ದಾಖಲೆಗಳು, ಔಷಧಿಗಳು ಎಂದಿಗೂ ಲಾರಿ ಏರಬಾರದು. ಅನಿಲದ ಸಿಲಿಂಡರು, ಸೀಮೆಎಣ್ಣೆ, ಬಣ್ಣದ ಡಬ್ಬಿಗಳನ್ನೂ ಹಾಕುವಂತಿಲ್ಲ. ಫ್ರಿಜ್ಜನ್ನು ಹಿಂದಿನ ದಿನವೇ ನಿಲ್ಲಿಸಿ ನೀರು ಇಳಿಸಿ ಒರೆಸಬೇಕು. ನಿಂತ ಸ್ಥಿತಿಯಲ್ಲಿಯೇ ಸಾಗಿಸಬೇಕು. ಹೊಸ ಮನೆಯಲ್ಲಿ ಇಳಿಸಿದ ಮೇಲೆ ಕೆಲವು ಗಂಟೆ ಬಿಟ್ಟು ಚಾಲೂ ಮಾಡಬೇಕು. ಮುಂಭಾಗದಲ್ಲಿ ಬಾಗಿಲಿರುವ ಬಟ್ಟೆ ಒಗೆಯುವ ಯಂತ್ರದ ಡ್ರಮ್ಮನ್ನು ಬಿಗಿಯುವ ಬೋಲ್ಟುಗಳು ಕೊಂಡಾಗ ಜೊತೆಗೇ ಬಂದಿರುತ್ತವೆ. ಅವುಗಳನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಸಾಗಣೆದಾರರೊಡನೆ ವ್ಯವಹಾರ

ಗೃಹಸಾಮಗ್ರಿ ಸಾಗಣೆಯ ಹೆಸರಿನಲ್ಲಿ ನಡೆಯುವ ವಂಚನೆಯ ಮಾದರಿ ಬಹುತೇಕ ಒಂದೇ. ದೂರವಾಣಿಯಲ್ಲಿ ಕಡಿಮೆ ದರ ಹೇಳಿ ಮುಂಗಡ ಪಡೆಯುತ್ತಾರೆ. ಸಾಮಾನು ಲಾರಿ ಏರಿದ ಮೇಲೆ ಅಥವಾ ಅರ್ಧ ದಾರಿಯಲ್ಲಿ ಹೆಚ್ಚಿನ ಹಣ ಕೇಳುತ್ತಾರೆ. ಕೊಡದಿದ್ದರೆ ಸಾಮಾನು ಗೋದಾಮು ಸೇರುತ್ತದೆ. ಹೆಸರಾಂತ ಸಂಸ್ಥೆಗಳ ಹೆಸರನ್ನೇ ತುಸು ಬದಲಿಸಿಕೊಂಡು ವ್ಯವಹರಿಸುವವರೂ ಇದ್ದಾರೆ.

ಇದಕ್ಕೆ ಪರಿಹಾರ ಬರಹದಲ್ಲಿದೆ. ಕನಿಷ್ಠ ಮೂರು ಕಡೆಯವರು ಮನೆಗೆ ಬಂದು ಸಾಮಾನು ನೋಡಿ ದರಪಟ್ಟಿ ಕೊಡಬೇಕು. ಪ್ಯಾಕಿಂಗ್, ಏರಿಸುವುದು, ಸಾಗಣೆ, ಇಳಿಸುವುದು, ಮಹಡಿ ಹತ್ತಿಸುವುದು, ಜೋಡಿಸುವುದು ಒಂದೊಂದಕ್ಕೂ ಪ್ರತ್ಯೇಕ ಮೊತ್ತ ಕಾಣಬೇಕು. ಪ್ಯಾಕಿಂಗ್ ಸಹಿತ ಸಾಗಣೆಯ ಸೇವೆಗೆ ಶೇ. 18 ಜಿಎಸ್‌ಟಿ ಇದೆ. ಹೇಳಿದ ದರದಲ್ಲಿ ಅದು ಸೇರಿದೆಯೇ ಎಂದು ಕೇಳಬೇಕು. ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿದರೆ ಅದು ಯಾರ ಹೆಸರಿನಲ್ಲಿದೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಪೂರ್ತಿ ಹಣವನ್ನು ಮೊದಲೇ ಕೊಡಬಾರದು.

ಕೆಲವು ದರಪಟ್ಟಿಗಳಲ್ಲಿ ಇಂದಿಗೂ 'ಆಕ್ಟ್ರಾಯ್', 'ಗಡಿ ತೆರಿಗೆ', 'ಇ-ವೇ ಬಿಲ್ ವೆಚ್ಚ' ಎಂಬ ಸಾಲುಗಳು ಕಾಣಿಸುವುದುಂಟು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಆಕ್ಟ್ರಾಯ್ ಮತ್ತು ಪ್ರವೇಶ ತೆರಿಗೆಗಳು ಉಳಿದಿಲ್ಲ. ಬಳಸಿದ ಗೃಹಸಾಮಗ್ರಿಗಳಿಗೆ ಇ-ವೇ ಬಿಲ್ಲಿನಿಂದಲೂ ವಿನಾಯಿತಿ ಇದೆ. ಸಾಮಾನಿನ ಪಟ್ಟಿ ಲಾರಿಯ ಜೊತೆ ಇದ್ದರೆ ಸಾಕು.

ಇಡೀ ಲಾರಿ ಹಿಡಿಯುವುದೋ ಇತರರ ಸಾಮಾನಿನೊಂದಿಗೆ ಕಳುಹಿಸುವುದೋ ಎಂಬುದು ಇನ್ನೊಂದು ಆಯ್ಕೆ. ಎರಡನೆಯದು ಅಗ್ಗ. ಆದರೆ ಸಾಮಾನು ಗೋದಾಮಿನಲ್ಲಿ ಇಳಿದು ಮತ್ತೆ ಏರುವುದರಿಂದ ಪೆಟ್ಟು ಬೀಳುವ ಸಂಭವವೂ ತಡವೂ ಹೆಚ್ಚು. ಅಷ್ಟು ದಿನ ಹೋಟೆಲಿನ ಊಟ, ಬಾಡಿಗೆ ಹಾಸಿಗೆಯ ಖರ್ಚನ್ನು ಸೇರಿಸಿ ನೋಡಿದರೆ ಅಗ್ಗವೆನಿಸಿದ್ದು ಅಷ್ಟೊಂದು ಅಗ್ಗವಾಗಿರದೆ ಹೋಗಬಹುದು.

ಹತ್ತು ಪಟ್ಟಿನ ನಿಯಮ

ಸಾಮಾನು ಕಳೆದರೆ ಅಥವಾ ಒಡೆದರೆ ಸಾಗಣೆದಾರರ ಹೊಣೆ ಎಷ್ಟು? ಉತ್ತರ 2007ರ ರಸ್ತೆ ಸರಕು ಸಾಗಣೆ ಕಾಯ್ದೆಯಲ್ಲೂ 2011ರ ನಿಯಮಗಳಲ್ಲೂ ಇದೆ. ಹೆಚ್ಚಿನ ಅಪಾಯದ ದರ ತೆತ್ತು ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ, ಹೊಣೆಯ ಮಿತಿ ಸಾಗಣೆ ಬಾಡಿಗೆಯ ಹತ್ತು ಪಟ್ಟು. ಅದೂ ಕಳುಹಿಸುವವರು ಘೋಷಿಸಿದ ಮೌಲ್ಯವನ್ನು ಮೀರುವಂತಿಲ್ಲ.

ಇದರ ಪರಿಣಾಮ ಎರಡು. ವಿಮೆಯ ಕಂತು ಉಳಿಸಲೆಂದು 4 ಲಕ್ಷ ರೂ. ಬೆಲೆಯ ಸಾಮಾನಿಗೆ 1 ಲಕ್ಷ ರೂ. ಎಂದು ಬರೆದುಕೊಟ್ಟರೆ, ನಷ್ಟವಾದಾಗ ಸಿಗುವುದೂ 1 ಲಕ್ಷದೊಳಗೇ. ಬಿಲ್ಲಿನಲ್ಲಿ ಪ್ಯಾಕಿಂಗಿಗೆ ಹೆಚ್ಚು, ಸಾಗಣೆಗೆ ಕೇವಲ 10,000 ರೂ. ಎಂದು ತೋರಿಸಿದ್ದರೆ ಹತ್ತು ಪಟ್ಟಿನ ಲೆಕ್ಕವೂ 1 ಲಕ್ಷಕ್ಕೆ ನಿಲ್ಲುತ್ತದೆ. ನಷ್ಟದ ಬಗ್ಗೆ ಲಿಖಿತ ನೋಟಿಸನ್ನು ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ತಲುಪಿಸದಿದ್ದರೆ ಸಾಗಣೆದಾರರ ವಿರುದ್ಧ ದಾವೆ ಹೂಡುವ ದಾರಿಯೂ ಮುಚ್ಚುತ್ತದೆ. ಆದ್ದರಿಂದ ಸರಕು ರಸೀತಿ ಪಡೆಯದೆ ಲಾರಿಯನ್ನು ಬೀಳ್ಕೊಡಬಾರದು.

ಸಾಗಣೆದಾರರು ತಾವೇ ಕೊಡುವ 'ಅಪಾಯ ರಕ್ಷಣೆ'ಗೂ ವಿಮಾ ಕಂಪನಿಯ ಪಾಲಿಸಿಗೂ ವ್ಯತ್ಯಾಸವಿದೆ. ಮೊದಲನೆಯದು ಅವರ ಭರವಸೆ. ಎರಡನೆಯದು ಪಾಲಿಸಿ ಸಂಖ್ಯೆಯಿರುವ ಪ್ರತ್ಯೇಕ ಕರಾರು. ವಿಮೆಗೆಂದು ಹಣ ಪಡೆದಿದ್ದರೆ ವಿಮಾ ಕಂಪನಿಯ ಪತ್ರವನ್ನು ಲಾರಿ ಹೊರಡುವ ಮುನ್ನವೇ ಕೇಳಬೇಕು. ಸಾಮಾನು ಇಳಿಸುವಾಗ ಒಡೆದದ್ದು ಕಂಡರೆ ತಲುಪಿದ ಪತ್ರದ ಮೇಲೆಯೇ ಅದನ್ನು ಬರೆದು ಸಹಿ ಹಾಕಬೇಕು.

ವಿವಾದ ಬೆಳೆದರೆ ಮತ್ತೆ ಬೆಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರರು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಸಾಮಾನು ಕಡಿಮೆಯಿದ್ದರೆ ರೈಲಿನ ಪಾರ್ಸೆಲ್ ಸೇವೆಯನ್ನೂ ಪರಿಗಣಿಸಬಹುದು. ಟಿಕೆಟ್ಟಿನ ಮೇಲೆ ಉಚಿತವಾಗಿ ಒಯ್ಯಬಹುದಾದ ತೂಕ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ 40 ಕಿಲೋ, ಎರಡನೇ ದರ್ಜೆ ಎಸಿಯಲ್ಲಿ 50 ಕಿಲೋ. ದ್ವಿಚಕ್ರ ವಾಹನವನ್ನೂ ಪಾರ್ಸೆಲ್ ಮೂಲಕ ಕಳುಹಿಸಬಹುದು. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಪ್ಯಾಕಿಂಗ್ ಮಾಡಿಸಿ, ನೋಂದಣಿ ಪತ್ರ, ವಿಮೆ ಮತ್ತು ಗುರುತಿನ ಚೀಟಿಯ ಪ್ರತಿಗಳನ್ನು ಕೊಡಬೇಕಾಗುತ್ತದೆ.

ಕಾರು: ಒಯ್ಯುವುದೋ ಮಾರುವುದೋ

ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಕರ್ನಾಟಕವೇ 2014ರಲ್ಲಿ ಹೊರರಾಜ್ಯದ ವಾಹನ 30 ದಿನ ಮೀರಿದರೆ ಆಜೀವ ತೆರಿಗೆ ಎಂಬ ತಿದ್ದುಪಡಿ ತಂದಿತ್ತು. ಹೈಕೋರ್ಟ್ 2016ರಲ್ಲಿ ಅದನ್ನು ರದ್ದುಗೊಳಿಸಿತು. ವರ್ಷದೊಳಗೆ ಮರಳುವ ಖಾತ್ರಿಯಿದ್ದವರು ಕೆಎ ಸಂಖ್ಯೆಯಲ್ಲಿಯೇ ಮುಂದುವರಿಯಬಹುದು. ಆದರೆ ವಾಹನ ಬಂದ ದಿನವನ್ನು ತೋರಿಸುವ ಸಾಗಣೆ ರಸೀತಿ ಅಥವಾ ಟೋಲ್ ವಿವರವನ್ನು ಕಾರಿನಲ್ಲಿಯೇ ಇಟ್ಟುಕೊಳ್ಳಬೇಕು.

ನೆಲೆಸಲೆಂದೇ ಹೋಗುವವರ ದಾರಿ ಹೀಗಿದೆ. ಬಾಕಿ ದಂಡಗಳನ್ನು ಕಟ್ಟಿ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪಡೆದು, ಇಲ್ಲಿನ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಹೊಸ ಊರಿನಲ್ಲಿ ನಮೂನೆ 27ರಲ್ಲಿ ಅರ್ಜಿ ಹಾಕಿ ಅಲ್ಲಿನ ತೆರಿಗೆ ಕಟ್ಟಬೇಕು. ಅದಾದ ಮೇಲೆ ಇಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳಬೇಕು. ಇಲ್ಲಿಯೂ ಕೊಡುವುದು ಮೊದಲು, ಪಡೆಯುವುದು ನಂತರ. ಮಹಾರಾಷ್ಟ್ರದಲ್ಲಿ 10 ಲಕ್ಷ ರೂ.ವರೆಗಿನ ಹೊಸ ಪೆಟ್ರೋಲ್ ಕಾರಿಗೆ ತೆರಿಗೆ ಶೇ. 11, ಡೀಸೆಲ್ ಕಾರಿಗೆ ಶೇ. 13, ಹಳೆಯ ವಾಹನಕ್ಕೆ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ. ಅಲ್ಲಿನ ತೆರಿಗೆ, ಸಾಗಣೆ, ಓಡಾಟಗಳನ್ನು ಕೂಡಿಸಿ, ಬರುವ ಮರುಪಾವತಿಯನ್ನು ಕಳೆದು, ಉಳಿದ ಮೊತ್ತವನ್ನು ಕಾರಿನ ಇಂದಿನ ಮಾರಾಟ ಬೆಲೆಯೊಂದಿಗೆ ಹೋಲಿಸಿದರೆ ನಿರ್ಧಾರ ಸ್ಪಷ್ಟವಾಗುತ್ತದೆ. ಹತ್ತು ವರ್ಷ ದಾಟಿದ ಕಾರನ್ನು ಇಲ್ಲಿಯೇ ಮಾರುವುದು ಹಲವರಿಗೆ ಲಾಭಕರ.

ಪದೇಪದೇ ವರ್ಗವಾಗುವವರಿಗೆ 2021ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಬಿಎಚ್ ಸರಣಿ ಉಪಯುಕ್ತ. ಸರ್ಕಾರಿ ನೌಕರರು, ಸೈನಿಕರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರು ಇದಕ್ಕೆ ಅರ್ಹರು. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ರಾಜ್ಯ ಬದಲಾದರೂ ಸಂಖ್ಯೆ ಬದಲಾಗದು.

ಮಗುವಿನ ಶಾಲೆ: ದೊಡ್ಡ ಲೆಕ್ಕ

ಹಣದ ಲೆಕ್ಕ ತಪ್ಪಿದರೆ ಎರಡು ವರ್ಷದಲ್ಲಿ ಸರಿಹೋಗಬಹುದು. ಶಾಲೆಯ ಲೆಕ್ಕ ತಪ್ಪಿದರೆ ಹಾಗಲ್ಲ. 9 ಮತ್ತು 10ನೇ ತರಗತಿ ಹಾಗೂ 11 ಮತ್ತು 12ನೇ ತರಗತಿಗಳನ್ನು ಸಿಬಿಎಸ್‌ಇ ಜೋಡಿಯಾಗಿಯೇ ಕಾಣುತ್ತದೆ. ನಡುವೆ ಶಾಲೆ ಬದಲಿಸಲು ಮಂಡಳಿಯ ಒಪ್ಪಿಗೆ ಬೇಕು. ಸಾಧ್ಯವಾದರೆ ಈ ಜೋಡಿಗಳ ನಡುವೆ ಊರು ಬದಲಿಸದಿರುವುದು ಲೇಸು. ವರ್ಗಾವಣೆ ಪತ್ರ, ಅಂಕಪಟ್ಟಿ, ಜನನ ಪ್ರಮಾಣಪತ್ರಗಳ ಜೊತೆಗೆ ಮಗುವಿನ ಯುಡೈಸ್ ಪ್ಲಸ್ ಶಾಶ್ವತ ಶಿಕ್ಷಣ ಸಂಖ್ಯೆಯನ್ನೂ ಇಲ್ಲಿನ ಶಾಲೆಯಿಂದ ಬರೆಸಿಕೊಳ್ಳಬೇಕು. ಹೆಸರಿನ ಅಕ್ಷರ, ಜನ್ಮದಿನಾಂಕ ಎಲ್ಲ ಪತ್ರಗಳಲ್ಲೂ ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಬೇಕು. ಒಂದು ಅಕ್ಷರದ ತಿದ್ದುಪಡಿಗಾಗಿ 840 ಕಿಲೋಮೀಟರ್ ಮರಳಿ ಬರುವಂತಾಗಬಾರದು.

ಭಾಷೆಯ ವಿಷಯವೂ ಇದೆ. 2015ರ ಕಾಯ್ದೆಯ ಮೂಲಕ ಕರ್ನಾಟಕ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಿದಂತೆ ಮಹಾರಾಷ್ಟ್ರ 2020ರಲ್ಲಿ ಎಲ್ಲ ಮಂಡಳಿಗಳ ಶಾಲೆಗಳಿಗೂ ಮರಾಠಿಯನ್ನು ಕಡ್ಡಾಯಗೊಳಿಸುವ ಕಾಯ್ದೆ ತಂದಿತು. ತೆಲಂಗಾಣ 2018ರಲ್ಲಿ, ತಮಿಳುನಾಡು 2006ರಲ್ಲಿ ಇಂಥದೇ ಕಾಯ್ದೆ ಮಾಡಿವೆ. ದೊಡ್ಡ ತರಗತಿಗೆ ಸೇರುವ ಮಗುವಿಗೆ ರಿಯಾಯಿತಿ ಉಂಟೇ ಎಂದು ಶಾಲೆಯಲ್ಲಿ ಮೊದಲೇ ವಿಚಾರಿಸಬೇಕು. ದೇವನಾಗರಿ ಲಿಪಿಯನ್ನು ಹಿಂದಿ ಪಾಠದಲ್ಲಿ ಕಲಿತ ಮಗುವಿಗೆ ಮರಾಠಿಯ ಅಕ್ಷರಗಳೇನೂ ಹೊಸತಲ್ಲ.

ಬಹುತೇಕ ಪೋಷಕರಿಗೆ ತಡವಾಗಿ ಗೊತ್ತಾಗುವ ಸಂಗತಿ ಮತ್ತೊಂದಿದೆ. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸರ್ಕಾರಿ ಸೀಟು ಪಡೆಯಲು ಇರುವ ಮುಖ್ಯ ಕಲಂ ಪ್ರಕಾರ, 1ನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ಜೊತೆಗೆ 10ನೇ ತರಗತಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿಯೇ ಪಾಸಾಗಿರಬೇಕು. 5ನೇ ತರಗತಿ ಮುಗಿಸಿ ಹೊರಟ ಮಗು ಪಿಯುಸಿಗೆ ಮರಳಿದರೆ ಐದು ಮತ್ತು ಎರಡು ಸೇರಿ ಏಳಾಗುತ್ತದೆ. 4ನೇ ತರಗತಿ ಮುಗಿಸಿ ಹೊರಟರೆ ಆರಕ್ಕೇ ನಿಲ್ಲುತ್ತದೆ. ಆಗ 10ನೇ ತರಗತಿಗಾದರೂ ಮರಳಬೇಕು. ಸೈನಿಕರ ಮಕ್ಕಳಿಗೆ, ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಕಲಂಗಳಿವೆ. ಆಯಾ ವರ್ಷದ ಪ್ರವೇಶ ಮಾಹಿತಿ ಪುಸ್ತಕವೇ ಅಂತಿಮ. ಹೊಸ ರಾಜ್ಯಕ್ಕೂ ತನ್ನದೇ ವಾಸ ಮತ್ತು ವ್ಯಾಸಂಗದ ನಿಯಮಗಳಿರುವುದರಿಂದ, ಎರಡೂ ಕಡೆ ಅರ್ಹತೆ ಕಳೆದುಕೊಳ್ಳುವ ಅಪಾಯವನ್ನು ಹೊರಡುವ ಮುನ್ನವೇ ಅಳೆಯಬೇಕು.

ಮೀಸಲಾತಿಯೂ ರಾಜ್ಯದ ಗಡಿಯೊಂದಿಗೆ ಬೆಸೆದುಕೊಂಡಿದೆ. ಒಂದು ರಾಜ್ಯದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡವೆಂದು ಗುರುತಿಸಲ್ಪಟ್ಟವರು ವಲಸೆ ಹೋದ ರಾಜ್ಯದ ಸೇವೆಗಳಲ್ಲಿ ಅದೇ ಸೌಲಭ್ಯ ಕೇಳಲಾಗದು ಎಂಬುದನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರ ಬೀರ್ ಸಿಂಗ್ ಪ್ರಕರಣದಲ್ಲಿ ಪುನರುಚ್ಚರಿಸಿತು. ಕೇಂದ್ರದ ಉದ್ದೇಶಗಳಿಗೆ ಮೂಲ ರಾಜ್ಯದ ಪ್ರಮಾಣಪತ್ರ ಬೇಕಾಗುವುದರಿಂದ ಪೋಷಕರ ಮತ್ತು ಮಕ್ಕಳ ಪ್ರಮಾಣಪತ್ರಗಳನ್ನು ಇಲ್ಲಿರುವಾಗಲೇ ಪಡೆದಿಟ್ಟುಕೊಳ್ಳಬೇಕು.

ಉಳಿದ ಕೆಲಸಗಳು

ಅಡುಗೆ ಅನಿಲದ ಸಿಲಿಂಡರು, ರೆಗ್ಯುಲೇಟರುಗಳನ್ನು ಇಲ್ಲಿನ ವಿತರಕರಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್ ಪಡೆಯಬೇಕು. ಮರಳಿ ಸಿಗುವುದು ಹಿಂದೆ ಕಟ್ಟಿದ್ದ ಠೇವಣಿ. ಹೊಸ ಊರಿನಲ್ಲಿ ಕಟ್ಟಬೇಕಾದದ್ದು ಇಂದಿನ ದರ. 14.2 ಕಿಲೋ ಸಿಲಿಂಡರಿನ ಠೇವಣಿಯನ್ನು 2022ರ ಜೂನ್‌ನಲ್ಲಿ 1,450 ರೂ.ನಿಂದ 2,200 ರೂ.ಗೆ ಏರಿಸಲಾಯಿತು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಸಾಕು. ಚಾಲನಾ ಪರವಾನಗಿ ದೇಶದಾದ್ಯಂತ ನಡೆಯುತ್ತದೆ. ಬ್ಯಾಂಕ್ ಖಾತೆಯ ಶಾಖೆ ಬದಲಿಸಬೇಕಿಲ್ಲ. ಲಾಕರಿನ ವ್ಯವಸ್ಥೆಯನ್ನು ಮಾತ್ರ ನಿರ್ಧರಿಸಬೇಕು.

ಜೊತೆಯಲ್ಲಿ ಹಿರಿಯರಿದ್ದರೆ ವೈದ್ಯರ ಚೀಟಿ, ಪರೀಕ್ಷಾ ವರದಿಗಳೊಂದಿಗೆ ಒಂದು ತಿಂಗಳ ಔಷಧಿ ಕೈಚೀಲದಲ್ಲಿರಬೇಕು. ಪಿಂಚಣಿಯ ಜೀವಿತ ಪ್ರಮಾಣಪತ್ರವನ್ನು ಡಿಜಿಟಲ್ ರೂಪದಲ್ಲಿ ಎಲ್ಲಿಂದಲಾದರೂ ಸಲ್ಲಿಸಬಹುದು. ಭವಿಷ್ಯನಿಧಿ ಸಂಸ್ಥೆಯ ಪಿಂಚಣಿಯನ್ನು 2025ರ ಜನವರಿಯಿಂದ ದೇಶದ ಯಾವುದೇ ಬ್ಯಾಂಕಿನಲ್ಲಿ ಪಡೆಯುವ ವ್ಯವಸ್ಥೆಯಿದೆ. ಆರೋಗ್ಯ ವಿಮೆಯ ಕಂಪನಿಗೆ ಹೊಸ ವಿಳಾಸ ತಿಳಿಸಬೇಕು. ಕೆಲವು ಪಾಲಿಸಿಗಳಲ್ಲಿ ಊರಿಗೆ ತಕ್ಕಂತೆ ಕಂತು ಬದಲಾಗುತ್ತದೆ.

ಅರವತ್ತು ದಿನಗಳ ಪಟ್ಟಿ

ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ ಕೆಲಸಗಳನ್ನು ಹಂಚಿಕೊಳ್ಳುವುದು ಅನುಕೂಲ.

- 60 ದಿನ ಮೊದಲು: ಶಾಲೆಯ ವಿಚಾರಣೆ, ಮನೆ ಮಾಲೀಕರಿಗೆ ಲಿಖಿತ ನೋಟಿಸ್, ಹಣದ ಪಟ್ಟಿ
- 45 ದಿನ ಮೊದಲು: ಹೊಸ ಊರಿಗೆ ಒಮ್ಮೆ ಹೋಗಿ ಮನೆ ನೋಡುವುದು, ಕಾರಿನ ನಿರ್ಧಾರ
- 30 ದಿನ ಮೊದಲು: ಮೂರು ದರಪಟ್ಟಿ, ಬೇಡದ ಸಾಮಾನಿನ ಮಾರಾಟ, ವಾಹನದ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ
- 15 ದಿನ ಮೊದಲು: ಸಾಗಣೆದಾರರ ಅಂತಿಮ ಆಯ್ಕೆ, ವಿಮೆ, ವರ್ಗಾವಣೆ ಪತ್ರ
- ಕೊನೆಯ ವಾರ: ಅನಿಲ, ವಿದ್ಯುತ್, ನೀರು, ಇಂಟರ್ನೆಟ್ ಲೆಕ್ಕ ಚುಕ್ತಾ
- ಹೊರಟ ಮೇಲಿನ ತಿಂಗಳು: ಮುಂಗಡ ವಸೂಲಿ, ವಿಳಾಸ ಬದಲಾವಣೆ, ಬಿಲ್ಲುಗಳ ಸಲ್ಲಿಕೆ

ದಿನಾಂಕ ಗೊತ್ತುಮಾಡುವಾಗ ತಿಂಗಳ ಕೊನೆಯ ವಾರವನ್ನು ತಪ್ಪಿಸಿದರೆ ದರ ಇಳಿಯುವ ಸಾಧ್ಯತೆ ಇದೆ; ಎಲ್ಲರೂ ಮನೆ ಬಿಡುವುದು ಆಗಲೇ. ಮುಂಗಾರಿನಲ್ಲಿ ಪುಣೆ ದಾರಿ ಹಿಡಿಯುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಪಂಚಗಂಗಾ ನದಿ ಉಕ್ಕಿ ಕೊಲ್ಹಾಪುರದ ಬಳಿ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಶಾಲೆ ಆರಂಭಕ್ಕೆ ಮುನ್ನ, ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಹೊರಟರೆ ಮಳೆಯ ಭಯವೂ ಮಗುವಿನ ಪಾಠ ತಪ್ಪುವ ಚಿಂತೆಯೂ ಒಟ್ಟಿಗೇ ಕಳೆಯುತ್ತವೆ.

ಈ ಪಟ್ಟಿಯನ್ನು ಮನೆಯವರೆಲ್ಲ ಕುಳಿತು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಒಂದು ಸಂಜೆ ಸಾಕು. ಎಡಪುಟದಲ್ಲಿ ಹೊರಡುವ ಮೊದಲು ಕೊಡಬೇಕಾದ ಹಣ, ಬಲಪುಟದಲ್ಲಿ ಹೊರಟ ಮೇಲೆ ಬರಬೇಕಾದ ಹಣ ಮತ್ತು ಅದರ ದಿನಾಂಕ. ಎಡಪುಟದ ಮೊತ್ತ ಉಳಿತಾಯ ಖಾತೆಯಲ್ಲಿ ಇದೆ ಎಂದು ಖಚಿತವಾದ ಮೇಲೆಯೇ ಲಾರಿಯವರಿಗೆ ದೂರವಾಣಿ ಮಾಡಬೇಕು. ಆ ಮೊತ್ತ ಇಲ್ಲದಿದ್ದರೆ ಕುಟುಂಬದ ಒಬ್ಬರು ಮೊದಲು ಹೋಗಿ, ಉಳಿದವರು ಶಾಲೆಯ ವರ್ಷ ಮುಗಿಸಿ ಸೇರಿಕೊಳ್ಳುವುದು ಸಾಲ ಮಾಡುವುದಕ್ಕಿಂತ ಮೇಲು.